ಸರ್ಕಾರಿ ಕಂಪನಿ ಅಂದರೆ ಭದ್ರವೇ?

ಮಾನ್ಯರೇ,

ಅಡಿಕೆ ಮಾರಿದ ದುಡ್ಡನ್ನು ಬಾವಿ ಕೊರೆದು ಕಚ್ಚಾ ತೈಲ ತೆಗೆಯುವ ಓಎನ್‌ಜಿಸಿ, ಆಯಿಲ್ ಇಂಡಿಯಾ ಕಂಪನಿಗಳ ಷೇರಿಗೆ ಹಾಕೋಣವೇ ಎಂಬ ಮಾತು ನಮ್ಮ ತೀರ್ಥಹಳ್ಳಿ ಕಡೆ ಆಗಾಗ ಕೇಳಿಬರುತ್ತದೆ. ಸರ್ಕಾರದ ಕಂಪನಿ, ಡಿವಿಡೆಂಡ್ (ಷೇರುದಾರರಿಗೆ ಹಂಚುವ ಲಾಭದ ಪಾಲು) ಬರುತ್ತೆ, ಇನ್ನೇನು ಬೇಕು ಅನ್ನುತ್ತಾರೆ. ಡಿವಿಡೆಂಡ್ ಬರುವುದು ನಿಜ. ಆದರೆ ಅದರ ದೊಡ್ಡ ಪಾಲು ಸರ್ಕಾರಕ್ಕೇ ಹೋಗುತ್ತದೆ, ಯಾಕೆಂದರೆ ಅರ್ಧಕ್ಕಿಂತ ಜಾಸ್ತಿ ಷೇರು ಅದರ ಕೈಯಲ್ಲೇ ಇದೆ. ಲಾಭ ಜಾಸ್ತಿಯಾದರೂ ಸರ್ಕಾರ ಸುಮ್ನೆ ಕೂರಲ್ಲ. ಉಕ್ರೇನ್ ಯುದ್ಧದಿಂದ ಕಚ್ಚಾ ತೈಲ ದುಬಾರಿಯಾದಾಗ, 2022ರ ಜುಲೈನಲ್ಲಿ ಇಲ್ಲಿ ತೆಗೆದ ತೈಲಕ್ಕೆ ಟನ್ನಿಗೆ 23,250 ರೂಪಾಯಿ ವಿಶೇಷ ತೆರಿಗೆ ಹಾಕಿತು. ಆ ತೆರಿಗೆ ರದ್ದು ಮಾಡಿದ್ದು 2024ರ ಡಿಸೆಂಬರ್‌ನಲ್ಲಿ. ಬೆಲೆ ಬಿದ್ದಾಗ ಮಾತ್ರ ನಮ್ಮ ಷೇರಿನ ನಷ್ಟ ನಮ್ಮದೇ, ಅಲ್ವಾ? 2020ರ ಏಪ್ರಿಲ್ 20ರಂದು ಅಮೆರಿಕದ ವಾಯಿದಾ ಪೇಟೆಯಲ್ಲಿ (ಮುಂದೆ ಕೊಡುವ ಸರಕಿಗೆ ಈಗಲೇ ಬೆಲೆ ಕಟ್ಟುವ ಪೇಟೆ) ಕಚ್ಚಾ ತೈಲದ ಬೆಲೆ ಸೊನ್ನೆಗಿಂತ ಕೆಳಗಿಳಿದಿತ್ತು.

ಇನ್ನೊಂದು ಗೊಂದಲ ಇದೆ. ಬಂಕ್ ನಡೆಸುವ ಕಂಪನಿ ಬೇರೆ, ಬಾವಿ ಕೊರೆಯುವ ಕಂಪನಿ ಬೇರೆ. ಕಚ್ಚಾ ತೈಲ ಏರಿದರೆ ಕೊರೆಯುವವರಿಗೆ ಲಾಭ, ಪಂಪಿನ ದರ ಏರಿಸಲಾಗದೆ ಮಾರುವವರಿಗೆ ಎಷ್ಟೋ ಸಲ ಪೆಟ್ಟು.

ನನ್ನ ಕೇಳಿದರೆ, ಸ್ವಲ್ಪ ಕೊಳ್ಳಬಹುದು. ಆದರೆ ಕೊಳೆರೋಗಕ್ಕೆ ಔಷಧಿ ಹೊಡೆಸಲು ಎತ್ತಿಟ್ಟ ದುಡ್ಡು ಬೇಡ, ಐದಾರು ವರ್ಷ ಮುಟ್ಟದೆ ಇರಬಲ್ಲ ದುಡ್ಡು ಮಾತ್ರ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ