ಮೊದಲು ಕಿವಿ, ಆಮೇಲೆ ಸೊಂಟ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಹಾಲ್ ಸಿಕ್ಕಿದೆ, ಅಕ್ಕಪಕ್ಕದವರಿಗೆಲ್ಲ ಬೆಲ್ಲಿ ಡ್ಯಾನ್ಸ್ ಕಲಿಸಲು ಶುರು ಮಾಡುತ್ತೇನೆ ಅಂತ ಬರೆದಿದ್ದೆಯಲ್ಲ, ಓದಿ ತುಂಬಾ ಖುಷಿಯಾಯಿತು. ಹೆಜ್ಜೆಗಳನ್ನು ನಿನ್ನ ಅಮ್ಮ ಬೇಕಾದಷ್ಟು ಹೇಳಿಕೊಟ್ಟಿದ್ದಾಳೆ. ನಾನು ಕುಣಿಯುವವನಲ್ಲ. ಅವಳ ಕ್ಲಾಸಿನ ಮೂಲೆಯಲ್ಲಿ ಡರ್ಬುಕಾ ಎಂಬ ಕೈಡೋಲನ್ನು ತೊಡೆಯ ಮೇಲಿಟ್ಟುಕೊಂಡು ಬಾರಿಸುತ್ತಾ ಬಂದವನು. ಆ ಮೂಲೆಯಿಂದ ಕಂಡದ್ದನ್ನೇ ನಿನಗೆ ಬರೆಯುತ್ತೇನೆ.

ಮೊದಲ ದಿನವೇ ಸೊಂಟ ಆಡಿಸಲು ಹೇಳಬೇಡ. ಎಲ್ಲರನ್ನೂ ನೆಲದ ಮೇಲೆ ಕೂರಿಸಿ ತಾಳ ಕೇಳಿಸು. ಡರ್ಬುಕಾದ ನಡುವೆ ಬೀಳುವ ತುಂಬು ಪೆಟ್ಟು ದುಮ್. ಅಂಚಿನ ಚುರುಕು ಪೆಟ್ಟು ತೆಕ್. ಶುರುವಿಗೆ ಇಷ್ಟು ಸಾಕು. ಎಂಟು ಎಣಿಸುತ್ತಾ ಮಕ್ಸೂಮ್ ಎಂಬ ತಾಳ ಹೇಳಿಸು. ಒಂದಕ್ಕೆ ದುಮ್, ಎರಡಕ್ಕೆ ತೆಕ್, ಮೂರು ಖಾಲಿ. ನಾಲ್ಕಕ್ಕೆ ತೆಕ್, ಐದಕ್ಕೆ ದುಮ್, ಆರು ಖಾಲಿ. ಏಳಕ್ಕೆ ತೆಕ್, ಎಂಟು ಖಾಲಿ. ಬಾಯಲ್ಲಿ ಹೇಳಲಿ, ಕೈಯಲ್ಲಿ ತಟ್ಟಲಿ, ಆಮೇಲೆ ಎದ್ದು ಸುಮ್ನೆ ನಡೆಯಲಿ. ಅದು ಮೈಗೆ ಹತ್ತಿದ ಮೇಲೆ ನಾಲ್ಕನೇ ಎಣಿಕೆಯ ತೆಕ್ ತೆಗೆದು ಅಲ್ಲಿ ದುಮ್ ಇಡು. ಬದಲಾದದ್ದು ಒಂದೇ ಪೆಟ್ಟು, ಆದರೆ ಈಗ ಅದು ಸೈದಿ ತಾಳ. ನಡುವೆ ಎರಡು ದುಮ್ ಒಟ್ಟಿಗೆ ಬೀಳುವಾಗ ಕಾಲು ತಾನಾಗಿ ನೆಲವನ್ನು ಒತ್ತುತ್ತದೆ. ಹೇಳಿಕೊಡದೇ ಇದ್ದರೂ ಒತ್ತುತ್ತದೆ! ಅದನ್ನು ನೋಡುವುದೇ ನನಗೆ ಕ್ಲಾಸಿನ ದೊಡ್ಡ ಸಂತೋಷ.

ಸೈದಿ ಬಂದದ್ದು ಈಜಿಪ್ಟಿನ ದಕ್ಷಿಣ ಭಾಗದಿಂದ. ಅಲ್ಲಿ ಗಂಡಸರು ಉದ್ದ ಕೋಲು ಹಿಡಿದು ಆಡುವ ತಹ್ತೀಬ್ ಎಂಬ ವರಸೆ ಇದೆ. 2016ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಹೆಂಗಸರು ತೆಳ್ಳಗಿನ ಕೋಲು ಹಿಡಿದು ಮಾಡುವ ಕುಣಿತಕ್ಕೆ ಅದರ ನಂಟಿದೆ. ಕೋಲು ಕೈಗೆ ಕೊಡುವ ದಿನ ಇದನ್ನೂ ಹೇಳು. ಎಲ್ಲಿಂದ ಬಂತು ಅಂತ ಗೊತ್ತಿದ್ದವರು ಕೋಲನ್ನು ಹಿಡಿಯುವ ರೀತಿಯೇ ಬೇರೆ.

ಇನ್ನು ಮಂಡಿ. ಕೂತು ಬಾರಿಸುವವನ ಕಣ್ಣಿಗೆ ಮೊದಲು ಬೀಳುವುದು ಅದೇ. ಹೊಸಬರು ಶಿಮ್ಮಿ, ಅಂದರೆ ಸೊಂಟದ ಸಣ್ಣ ವೇಗದ ನಡುಕ, ಮಾಡುವಾಗ ಸೊಂಟವನ್ನೇ ಹಿಡಿದು ಅಲುಗಿಸಲು ನೋಡುತ್ತಾರೆ. ಹೊಟ್ಟೆ ಬಿಗಿಯಾಗುತ್ತದೆ, ಭುಜ ಮೇಲೇರುತ್ತದೆ, ಉಸಿರು ನಿಂತೇ ಹೋಗುತ್ತದೆ. ಮಂಡಿಯಿಂದ ಶುರು ಮಾಡಿಸು. ಎರಡೂ ಮಂಡಿ ಸ್ವಲ್ಪ ಸಡಿಲವಾಗಿರಲಿ. ಒಂದು ಮುಂದೆ, ಇನ್ನೊಂದು ಹಿಂದೆ, ನಿಧಾನವಾಗಿ. ಸೊಂಟ ತಾನಾಗಿ ಅದರ ಹಿಂದೆ ಬರುತ್ತದೆ. ವೇಗಕ್ಕೆ ಅವಸರ ಬೇಡ. ಹಿಪ್ ಡ್ರಾಪ್, ಅಂದರೆ ಒಂದು ಬದಿಯ ಸೊಂಟವನ್ನು ಥಟ್ಟನೆ ಕೆಳಗಿಳಿಸುವುದು, ಮಾಡಿಸುವಾಗ ಭಾರ ಯಾವ ಕಾಲಿನ ಮೇಲಿದೆ ಅಂತ ಪ್ರತಿಯೊಬ್ಬರನ್ನೂ ಕೇಳು. ಹಿಮ್ಮಡಿ ಎತ್ತಿದ ಕಾಲಿನ ಮೇಲೂ ಅರ್ಧ ಭಾರ ಹಾಕಿಕೊಂಡವರಿಗೆ ಡ್ರಾಪ್ ಬರುವುದೇ ಇಲ್ಲ. ಮಂಡಿ ಪೂರ್ತಿ ನೆಟ್ಟಗೆ ಮಾಡಿ, ಕೆಳಬೆನ್ನು ಬಾಗಿಸಿ, ಹಿಂಭಾಗ ಹಿಂದಕ್ಕೆ ಚಾಚಿ ನಿಲ್ಲಲು ಯಾರನ್ನೂ ಬಿಡಬೇಡ. ನೋಡಲು ಚೆಂದ ಅನಿಸಬಹುದು, ಬೆನ್ನು ನೋವು ಬರುವುದು ಅಲ್ಲಿಂದಲೇ.

ನಾಣ್ಯ ಹೊಲಿದ ಸೊಂಟದ ಶಾಲು ಎಲ್ಲರಿಗೂ ಇಷ್ಟ. ಅದರ ಸದ್ದಿನಿಂದ ತಾಳ ತಪ್ಪಿದ್ದು ಕಲಿಯುವವರಿಗೇ ತಿಳಿಯುತ್ತದೆ, ಹಾಗಾಗಿ ಇರಲಿ. ಆದರೆ ಉದುರಿದ ನಾಣ್ಯ ಬರಿಗಾಲಿಗೆ ಚುಚ್ಚುತ್ತದೆ. ಕ್ಲಾಸಿಗೆ ಮೊದಲು ಒಮ್ಮೆ ನೆಲ ಗುಡಿಸಿಬಿಡು.

ಈ ಕುಣಿತದ ಬಗ್ಗೆ ನಿನ್ನನ್ನು ಕೆಣಕುವವರು ಇರುತ್ತಾರೆ. ಮೈ ತೋರಿಸುವ ಕುಣಿತ ಅಲ್ವಾ ಅಂತ ನೇರವಾಗಿಯೇ ಕೇಳುತ್ತಾರೆ. ಕೋಪ ಮಾಡಿಕೊಳ್ಳಬೇಡ, ಉತ್ತರ ಕೊಡು. ಈಜಿಪ್ಟಿನ ಮದುವೆ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಮಾಮೂಲಿ ಬಟ್ಟೆಯಲ್ಲೇ ಹೀಗೆ ಕುಣಿಯುತ್ತಾರೆ. ಮಿನುಗುವ ವೇಷ ಮತ್ತು ದೊಡ್ಡ ವೇದಿಕೆ ಆಮೇಲೆ ಬಂದವು. 1926ರಲ್ಲಿ ನರ್ತಕಿ ಬದಿಯಾ ಮಸಬ್ನಿ ಕೈರೋದಲ್ಲಿ ತನ್ನ ರಂಗಮಂದಿರ ತೆರೆದಳು. ವಾದ್ಯವೃಂದ ಬಂತು, ವೇದಿಕೆ ತುಂಬುವ ಹಾಗೆ ಕೈಗಳ ಚಲನೆ ಬೆಳೆಯಿತು. ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್‌ರಂಥ ಹೆಸರಾಂತ ನರ್ತಕಿಯರು ಅಲ್ಲಿಂದಲೇ ಬೆಳಗಿದವರು. ನೃತ್ಯ ಸಂಯೋಜಕ ಮಹಮೂದ್ ರೆಡಾ 1959ರಲ್ಲಿ ಕಟ್ಟಿದ ತಂಡ ಹಳ್ಳಿಯ ಕುಣಿತಗಳನ್ನು ಇಡೀ ಕುಟುಂಬ ಕೂತು ನೋಡುವ ನಾಟಕಶಾಲೆಗೆ ತಂದಿತು. ಈ ಹೆಸರುಗಳು ನಿನ್ನ ವಿದ್ಯಾರ್ಥಿಗಳಿಗೂ ಗೊತ್ತಿರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಹಿಯಾ ನಿಂತ ಜಾಗದಲ್ಲೇ ಎಷ್ಟೊಂದು ಹೇಳುತ್ತಾಳೆ ಅಂತ ಹಳೆಯ ಸಿನಿಮಾ ತುಣುಕು ಹಾಕಿ ತೋರಿಸು. ಜಾಸ್ತಿ ಕುಣಿದರೆ ಜಾಸ್ತಿ ಚೆಂದ ಅಂದುಕೊಂಡವರು ಅದನ್ನು ನೋಡಲೇಬೇಕು.

ಕಲಿತವರೆಲ್ಲ ಸೇರಿ ಒಂದು ಹಫ್ಲಾ, ಅಂದರೆ ಕುಣಿತದ ಚಿಕ್ಕ ಕೂಟ, ಮಾಡುವ ಯೋಚನೆ ಇದೆ ಅಂದಿದ್ದೆ. ಖಂಡಿತ ಮಾಡು. ನೋಡಲು ಬರುವವರು ಮನೆಯವರು, ನೆರೆಯವರು. ತಪ್ಪು ಹುಡುಕಲು ಬಂದವರಲ್ಲ. ಆದರೂ ವೇದಿಕೆ ವೇದಿಕೆಯೇ. ಅರಬ್ಬಿ ಹಾಡು ಆರಿಸುವ ಮೊದಲು ಅದರ ಮಾತಿನ ಅರ್ಥ ತಿಳಿದುಕೋ. ಸಾವಿನ ದುಃಖದ ಸಾಲಿಗೆ ನಗುತ್ತಾ ಶಿಮ್ಮಿ ಹೊಡೆದರೆ ಭಾಷೆ ಬಲ್ಲವರಿಗೆ ಎಷ್ಟು ನೋವಾಗುತ್ತದೆ, ಯೋಚಿಸು. ದೇವರ ಹಾಡಿಗೆ ಕುಣಿಯಲೇಬೇಡ. ವೇಷದ ಕೊಕ್ಕೆಗಳಿಗೆಲ್ಲ ಪಿನ್ ಹಾಕಿಸು. ಕುಣಿಯುವ ಮೊದಲು, ಆಮೇಲೆ ಜನರ ನಡುವೆ ಓಡಾಡುವಾಗ ಮೇಲೊಂದು ನಿಲುವಂಗಿ ಇರಲಿ. ವೇದಿಕೆಗೆ ಹೋಗಲು ಮನಸ್ಸಿಲ್ಲದವರನ್ನು ಒತ್ತಾಯ ಮಾಡಬೇಡ. ವೀಡಿಯೊ ತೆಗೆಯುವ ಮೊದಲು ಒಬ್ಬೊಬ್ಬರನ್ನೂ ಕೇಳು. ಕೆಲವರು ಕ್ಲಾಸಿಗೆ ಬರುವ ವಿಷಯ ಮನೆಯಲ್ಲೇ ಹೇಳಿರುವುದಿಲ್ಲ. ಅವರ ನಂಬಿಕೆ ಉಳಿಸಿಕೊಳ್ಳುವುದು ನಿನ್ನ ಕೆಲಸ.

ಹಫ್ಲಾದಲ್ಲಿ ಒಂದು ತಕ್ಸೀಮ್ ಇಡು. ತಾಳವಿಲ್ಲದೆ ನೇಯ್ ಕೊಳಲೋ ಊದ್ ತಂತಿವಾದ್ಯವೋ ಒಂಟಿಯಾಗಿ ನಿಧಾನ ನುಡಿಯುವ ಭಾಗ. ಡರ್ಬುಕಾಕ್ಕೆ ಅಲ್ಲಿ ಹೆಚ್ಚು ಕೆಲಸವಿಲ್ಲ, ಆದರೂ ನನಗೆ ಅದೇ ಅಚ್ಚುಮೆಚ್ಚು. ಆಗ ಹೆಜ್ಜೆ ಎಣಿಸುವ ಹಾಗಿಲ್ಲ. ವಯಸ್ಸಾದವರು, ದಪ್ಪ ಇರುವವರು, ಮೊದಲ ಸಾಲಿಗೆ ಬರಲು ಹಿಂಜರಿಯುವವರು ಅಲ್ಲಿ ಎಲ್ಲರನ್ನೂ ಬೆರಗುಗೊಳಿಸುವುದನ್ನು ಕಂಡಿದ್ದೇನೆ. ಅವರು ನಿಜವಾಗಿ ಕೇಳಿಸಿಕೊಳ್ಳುತ್ತಿರುತ್ತಾರೆ. ಅಂಥವರಿಗೇ ಆ ಭಾಗ ಕೊಡು.

ಕ್ಲಾಸಿಗೆ ಮಕ್ಸೂಮ್ ಮತ್ತು ಸೈದಿ ಎರಡನ್ನೂ ನಿಧಾನ, ಮಧ್ಯಮ, ವೇಗ ಮೂರರಲ್ಲೂ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಹೊಸಬರಿಗೆ ಎಷ್ಟು ನಿಧಾನ ಬೇಕು ಅಂತ ಒಮ್ಮೆ ಅವರ ಜೊತೆ ನಡೆದು ನೋಡಿ ಬರೆ. ಹಫ್ಲಾ ದಿನ ಗೊತ್ತಾದ ಕೂಡಲೇ ತಿಳಿಸು. ಆ ದಿನ ರೆಕಾರ್ಡ್ ಬೇಡ, ನಾನೇ ಬಂದು ಬಾರಿಸುತ್ತೇನೆ.

ಪ್ರೀತಿಯಿಂದ,
ನಿನ್ನ ಅಪ್ಪ