ಲಡ್ಲೋ ದಾರಿಯಲ್ಲಿ ಕಾರು ನಿಲ್ಲಿಸಿದ ಅಜ್ಜಿಗೆ

ನಿಮ್ಮ ಹೆಸರು ಕೇಳುವುದನ್ನೇ ಮರೆತೆ, ಅಜ್ಜಿ. ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ, ಸ್ಟೋಕ್‌ಸೇ ಕೋಟೆಯ ಹೊರಗೆ, ಮಳೆಯಲ್ಲಿ ನೆನೆಯುತ್ತಿದ್ದ ಅಪ್ಪ-ಮಗಳು ನಾವು. ಕ್ರೇವನ್ ಆರ್ಮ್ಸ್ ರೈಲು ನಿಲ್ದಾಣ ಅಲ್ಲಿಂದ ಸುಮಾರು ಒಂದು ಮೈಲಿ. ಅಪ್ಪನಿಗೆ ಮಂಡಿನೋವು ಜಾಸ್ತಿಯಾಗಿತ್ತು. ನೀವು ಕಾರು ನಿಲ್ಲಿಸಿದಿರಿ. ನಿಲ್ದಾಣಕ್ಕೆ ಬಿಟ್ಟರೆ ಸಾಕಿತ್ತು. ಲಡ್ಲೋ ಊರಿನ ನಮ್ಮ ವಸತಿಗೃಹದ ಬಾಗಿಲವರೆಗೂ ಬಂದಿರಿ.

ದಾರಿಯಲ್ಲಿ ನೀವು ಹೇಳಿದ ಒಂದು ಮಾತು ಅಪ್ಪನಿಗೆ ತುಂಬಾ ಹಿಡಿಸಿತು. ಆ ಕೋಟೆಯನ್ನು ಕಟ್ಟಿಸಿದ್ದು ರಾಜನಲ್ಲ, 13ನೇ ಶತಮಾನದ ಉಣ್ಣೆ ವ್ಯಾಪಾರಿ, ಲಡ್ಲೋದ ಲಾರೆನ್ಸ್. ಅಪ್ಪ ದಾವಣಗೆರೆಯಲ್ಲಿ ಮೂವತ್ತು ವರ್ಷ ಜವಳಿ ಅಂಗಡಿ ನಡೆಸಿದವರು. ದೊಡ್ಡ ಹಜಾರದ ಮರದ ಚಾವಣಿ, ನೆಲದ ನಡುವಿನ ಒಲೆ, ಎಲ್ಲವನ್ನೂ ಮತ್ತೆ ನೆನಪಿಸಿಕೊಂಡರು. ಅವರ ಪ್ರಶ್ನೆಗಳಿಗೆ ನೀವು ಎಷ್ಟು ತಾಳ್ಮೆಯಿಂದ ಉತ್ತರ ಕೊಟ್ಟಿರಿ! ನಾನು ಸುಮ್ನೆ ಕನ್ನಡಕ್ಕೆ ಹೇಳುತ್ತಾ ಕೂತಿದ್ದೆ.

ಮರುದಿನ ನಿಮ್ಮ ಮಾತಿನಂತೆಯೇ ಸುತ್ತಿದೆವು. ಲಡ್ಲೋ ಕೋಟೆ ನೋಡಿದೆವು. ಮುಂದೆ ಇಂಗ್ಲೆಂಡಿನ ರಾಜನಾದ ಎಂಟನೇ ಹೆನ್ರಿಯ ಅಣ್ಣ ಆರ್ಥರ್ 1502ರಲ್ಲಿ ತೀರಿಕೊಂಡದ್ದು ಅಲ್ಲೇ ಅಲ್ವಾ? ಹದಿನೈದು ವರ್ಷದ ಹುಡುಗ. ಅಪ್ಪ ಆ ಕೋಣೆಗಳ ಮುಂದೆ ಮಾತಾಡಲಿಲ್ಲ. ಆಮೇಲೆ ಡಿನ್‌ಹ್ಯಾಮ್ ಸೇತುವೆಯ ಬಳಿ, ಟೀಮ್ ನದಿಯ ದಡದಲ್ಲಿ, ಅವರು ಒಂದು ಗಂಟೆ ನೆಮ್ಮದಿಯಾಗಿ ಕೂತರು. ಆ ಜಾಗ ಹೇಳಿಕೊಟ್ಟದ್ದೂ ನೀವೇ.

ಇಳಿಯುವಾಗ ನೀವು ಕೈಗಿತ್ತ ನೀಲಿ ಕೊಡೆ ಈಗ ನಮ್ಮ ಮನೆಯ ಬಾಗಿಲ ಹಿಂದೆ ಇದೆ. ಅಪ್ಪ ಅದನ್ನು ಬೇರೆ ಯಾರಿಗೂ ಕೊಡುವುದಿಲ್ಲ. ತುಂಬಾ ಥ್ಯಾಂಕ್ಸ್, ಅಜ್ಜಿ.