ಬಾಲ ಎತ್ತದ ಜಿಂಕೆಗಳು: ದೊರೆಗೊಂದು ಪತ್ರ

ಪ್ರೀತಿಯ ದೊರೆ,

ನೀನು ಕಳಿಸಿದ ವಿಡಿಯೋಗೆ ಬರೀ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗಿದ್ದೆ. ಅದು ಉತ್ತರ ಅಲ್ಲ ಅಂತ ನಿನಗೂ ಗೊತ್ತಾಗಿರುತ್ತೆ. ಉತ್ತರ ಇಲ್ಲಿ ಬರೀತಿದ್ದೀನಿ, ನಾಲ್ಕು ಜನ ಓದೋ ಜಾಗದಲ್ಲಿ. ನಿನಗೊಬ್ಬನಿಗೇ ಬರೆದರೆ ಅರ್ಧ ಓದೋದರೊಳಗೆ ಫೋನ್ ಮಾಡಿ, ನಗಿಸಿ, ಮಾತು ಮರೆಸಿಬಿಡ್ತೀಯ. ಅಮೆರಿಕಕ್ಕೆ ಬಂದ ಮೇಲೆ ಬೇಟೆ ಕಲಿತ ನಮ್ಮಂಥೋರು ಇನ್ನೂ ಕೆಲವರಿದ್ದಾರೆ, ಅವರೂ ಓದಿ ಜಗಳಕ್ಕೆ ಬರಲಿ. ಥರ್ಮಾಸಿನ ವಿಷಯ ಮಾತ್ರ ಎತ್ತಲ್ಲ. ಮಾತು ಕೊಟ್ಟಿದ್ದೀನಿ.

ವಿಡಿಯೋ ನೋಡದೇ ಇರೋರಿಗೆ ಹೇಳ್ತೀನಿ. ದೊರೆ ಈಗ ಜೋಳ ಚೆಲ್ಲಿ ಜಿಂಕೆಗಳನ್ನ ಕರೆಸಿ, ಗಾಡಿಯಿಂದಲೇ ಬೇಟೆಯಾಡ್ತಾನೆ. ದಕ್ಷಿಣ ಟೆಕ್ಸಾಸಿನ ಮುಳ್ಳು ಕುರುಚಲು ಕಾಡು, ನಡುವೆ ನೆಟ್ಟಗೆ ಸವರಿದ ಮಣ್ಣುದಾರಿ. ಪಿಕಪ್ಪಿನ ಹಿಂಭಾಗಕ್ಕೆ ಒಂದು ಡ್ರಮ್ ಸಿಕ್ಕಿಸಿದೆ, ಅದರ ಬುಡದಲ್ಲಿ ಗಿರಗಿರ ತಿರುಗೋ ತಟ್ಟೆ. ಗಾಡಿ ಹೋದ ಹಾಗೆ ಮೆಕ್ಕೆಜೋಳ ದಾರಿಯುದ್ದಕ್ಕೂ ಚೆಲ್ಲಿಕೊಂಡು ಹೋಗುತ್ತೆ. ಗಾಡಿ ಇನ್ನೂ ನಿಂತಿಲ್ಲ, ಆಗಲೇ ಎರಡೂ ಕಡೆ ಪೊದೆಯಿಂದ ಜಿಂಕೆಗಳು ಹೊರಗೆ ಬರ್ತವೆ. ಇಂಜಿನ್ ಸದ್ದಿಗೇ ಬರ್ತವೆ. ಮೊದಲು ಹೆಣ್ಣುಗಳು, ಹಿಂದೆಯೇ ಆ ವರ್ಷದ ಮರಿಗಳು, ಆಮೇಲೆ ಕತ್ತು ದಪ್ಪಗಾದ ಗಂಡು. ಒಂದು ಹೆಣ್ಣಂತೂ ಗಾಡಿಗೆ ತೀರಾ ಹತ್ತಿರ ಬಂದು, ಒಂದು ಕಿವಿ ನಿನ್ನ ಕಡೆ ತಿರುಗಿಸಿ, ಕಾಳು ಕಡೀತಾ ನೇರ ಕ್ಯಾಮೆರಾನೇ ನೋಡುತ್ತೆ. ಹಲ್ಲಿಗೆ ಸಿಕ್ಕಿ ಕಾಳು ಒಡೆಯೋ ಸದ್ದು ಕೂಡ ಕೇಳುತ್ತೆ.

ಎಷ್ಟೋ ಸಲ ಹಿಂದಕ್ಕೆ ಮುಂದಕ್ಕೆ ಎಳೆದು ನೋಡಿದೆ. ಒಂದು ಜಿಂಕೆಯೂ ಬಾಲ ಎತ್ತಲಿಲ್ಲ.

ನಿನಗೆ ನೆನಪಿರಬೇಕು, ಇಲ್ಲಿ ವಿಸ್ಕಾನ್ಸಿನ್‌ನಲ್ಲಿ ನಮಗೆ ಕಂಡ ಜಿಂಕೆಗಳಲ್ಲಿ ಮುಕ್ಕಾಲು ಪಾಲು ಕಂಡಿದ್ದೇ ಆ ಬಾಲದಿಂದ. ಅಪಾಯ ಅನ್ನಿಸಿದ ತಕ್ಷಣ ಬಾಲ ನೆಟ್ಟಗಾಗಿ, ಒಳಗಿನ ಬಿಳಿ ಒಮ್ಮೆ ಮಿಂಚಿ, ಎರಡು ನೆಗೆತಕ್ಕೆ ಕಾಡು ಖಾಲಿ. ಗಾಳಿ ನಮ್ಮ ಬೆನ್ನ ಹಿಂದಿಂದ ಬೀಸಿದರೆ ಅಷ್ಟೂ ಕಾಣ್ತಿರಲಿಲ್ಲ. ಓಕ್ ಮರದ ಕೆಳಗೆ ಆ ಮುದಿ ಹೆಣ್ಣು ನಮ್ಮನ್ನ ಪರೀಕ್ಷೆ ಮಾಡಿದ ರೀತಿ ನೋಡು: ಮುಂಗಾಲು ನೆಲಕ್ಕೆ ಬಡಿದು, ಮೇಯೋ ಹಾಗೆ ತಲೆ ತಗ್ಗಿಸಿ, ತಟ್ಟನೆ ಎತ್ತಿ ನೋಡಿತು, ಅಷ್ಟರಲ್ಲಿ ನಾವು ಕದಲಿದ್ದೀವಾ ಅಂತ. ಮತ್ತೆ ತಗ್ಗಿಸಿತು, ಮತ್ತೆ ಎತ್ತಿತು. ನೀನು ಕಣ್ಣು ಕೂಡ ಮಿಟುಕಿಸದೆ ನಿಂತಿದ್ದೆ. ಕೊನೆಗೂ ಅದೇ ಗೆದ್ದಿತು. ವಾಪಸ್ ಬರ್ತಾ ನೀನು ಎಷ್ಟು ಖುಷಿಯಾಗಿದ್ದೆ ಅಂದರೆ, ಜಿಂಕೆ ಸಿಕ್ಕಿದ ದಿನ ಕೂಡ ನಿನ್ನನ್ನ ಹಾಗೆ ನೋಡಿಲ್ಲ ನಾನು.

ನೀನು ಮಾಡ್ತಿರೋದು ಕಾನೂನಿಗೆ ವಿರುದ್ಧ ಅಂತ ನಾನು ಹೇಳ್ತಿಲ್ಲ. ಟೆಕ್ಸಾಸಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನೆಲ ಖಾಸಗಿ. ಸ್ವಂತ ನೆಲದಲ್ಲಿ, ಲೀಸಿಗೆ ತಗೊಂಡ ನೆಲದಲ್ಲಿ ಜೋಳ ಚೆಲ್ಲಬಹುದು. ಸಾರ್ವಜನಿಕ ರಸ್ತೆಗೆ ಬರದೆ ಇದ್ದರೆ ಗಾಡಿಯಲ್ಲಿ ಕೂತೇ ಗುಂಡು ಹಾರಿಸಬಹುದು. ಸೂರ್ಯ ಹುಟ್ಟೋ ಅರ್ಧ ಗಂಟೆ ಮುಂಚಿನಿಂದ ಮುಳುಗಿದ ಅರ್ಧ ಗಂಟೆವರೆಗೆ ಹೊತ್ತು, ಅದನ್ನೂ ನೀನು ಮೀರೋನಲ್ಲ. ಆದರೆ ಕಾನೂನಿಗೇ ಈ ವಿಷಯದಲ್ಲಿ ಒಂದು ಮನಸ್ಸಿಲ್ಲ, ನೋಡು. ಬಾತುಕೋಳಿಗೆ ಇದೇ ಜೋಳ ಚೆಲ್ಲಿ ಹೊಡೆದರೆ ಕೇಂದ್ರ ಸರ್ಕಾರದ ಅಪರಾಧ, 1935ರಿಂದ ದೇಶಕ್ಕೆಲ್ಲ ಒಂದೇ ನಿಯಮ. ಜಿಂಕೆಗೆ ರಾಜ್ಯಕ್ಕೊಂದು ನಿಯಮ. ಹಾಗಾಗಿ ತೀರ್ಮಾನ ಕಾನೂನಿನ ಪುಸ್ತಕದಲ್ಲಿ ಸಿಗಲ್ಲ, ನಾವೇ ಮಾಡಿಕೋಬೇಕು.

ನಿನ್ನ ವಾದಗಳೆಲ್ಲ ನನಗೆ ಬಾಯಿಪಾಠ. ಅದರಲ್ಲಿ ಗಟ್ಟಿಯಾದದ್ದನ್ನೇ ಮೊದಲು ತಗೋತೀನಿ. ಕಾಳು ತಿನ್ನೋ ಜಿಂಕೆ ನಿಂತಲ್ಲೇ ನಿಂತಿರುತ್ತೆ. ಪಕ್ಕೆ ಪೂರ್ತಿ ಕಾಣೋ ಹಾಗೆ ತಿರುಗೋ ತನಕ ಕಾಯಬಹುದು. ದೂರ ಮೊದಲೇ ಅಳೆದಿರುತ್ತೆ, ರೈಫಲ್ಲಿಗೆ ಆಸರೆ ಇರುತ್ತೆ, ವಯಸ್ಸೆಷ್ಟು, ಮರಿ ಜೊತೆಗಿದೆಯಾ ಅಂತ ನೋಡಿ ನಿರ್ಧಾರ ಮಾಡಬಹುದು. ಗುಂಡು ಶ್ವಾಸಕೋಶಕ್ಕೇ ಬೀಳುತ್ತೆ. ನಮ್ಮ ಹಾಗೆ ನಡೆದು, ಏದುಸಿರಲ್ಲಿ, ಕೊಂಬೆಗಳ ಸಂದಿಯಿಂದ ಹೊಡೆಯೋರ ಗುಂಡು ಹೊಟ್ಟೆಗೆ ತಗುಲಿದರೆ ಆ ಪ್ರಾಣಿ ಗಂಟೆಗಟ್ಟಲೆ ನರಳುತ್ತೆ. ಇದು ಸುಳ್ಳಲ್ಲ. ನೋವೊಂದೇ ಅಳತೆಗೋಲಾದರೆ ಗೆದ್ದೋನು ನೀನೇ. ಆದರೆ ನೋವೊಂದೇ ಅಳತೆಗೋಲಾದರೆ ನಾವಿಬ್ಬರೂ ಮನೇಲಿ ಕೂತಿರೋದು ಎಲ್ಲಕ್ಕಿಂತ ಒಳ್ಳೇದು. ಖಾತ್ರಿ ಇಲ್ಲದ ಗುಂಡು ಹಾರಿಸದೇ ಇರೋದು ನಡೆಯೋನ ಕೈಲೂ ಇರುತ್ತೆ.

ಎರಡನೇದು ನಡೆಯಲಾಗದವರ ಮಾತು. ಅದರಲ್ಲಿ ನಾನು ಪೂರ್ತಿ ನಿನ್ನ ಕಡೆ. ಕಾಲು ಸೋತವರಿಗೆ ಇಲ್ಲೂ ಪರವಾನಗಿ ಕೊಡ್ತಾರೆ, ನಿಲ್ಲಿಸಿದ ವಾಹನದಿಂದ ಹೊಡೆಯಬಹುದು. ಜೀವನಪೂರ್ತಿ ಕಾಡಲ್ಲಿ ಓಡಾಡಿದವರಿಗೆ ಕಾಲು ಹೋಯಿತು ಅಂತ ನವೆಂಬರಿನ ಬೇಟೆ ಕಿತ್ತುಕೊಳ್ಳೋದು ಯಾವ ನ್ಯಾಯ? ಆದರೆ ನಿನ್ನ ಕಾಲು ಚೆನ್ನಾಗಿದೆಯಲ್ಲೋ.

ಮೂರನೇದು ಸಂಖ್ಯೆ. ಜಿಂಕೆ ವಿಪರೀತ ಆಗಿವೆ, ತೋಟ ಮೇಯ್ತವೆ, ಕಾಡಿನ ಸಸಿ ಮೇಲೇಳೋಕೆ ಬಿಡಲ್ಲ, ರಸ್ತೆಯಲ್ಲಿ ಕಾರಿಗೆ ಅಡ್ಡ ಬಂದು ಜನಾನೂ ಸಾಯ್ತಾರೆ. ಎಲ್ಲ ನಿಜ. ನಗರಗಳ ಅಂಚಿನಲ್ಲಿ ಜಿಂಕೆ ಕಡಿಮೆ ಮಾಡೋಕೆ ಪಳಗಿದ ಗುರಿಕಾರರನ್ನ ಕರೆಸ್ತಾರಲ್ಲ, ಅವರು ಮಾಡೋದೂ ಇದನ್ನೇ. ಮೊದಲು ಜೋಳ ಹಾಕಿ ಅಭ್ಯಾಸ ಮಾಡಿಸ್ತಾರೆ. ವಿಶೇಷ ಅನುಮತಿ ತಗೊಂಡು ರಾತ್ರಿ ಬರ್ತಾರೆ. ಬಂದೂಕಿಗೆ ಸದ್ದಡಗಿಸೋ ಕೊಳವೆ ಹಾಕ್ತಾರೆ. ಎಷ್ಟೋ ಸಲ ಗಾಡಿಯಿಂದಲೇ ಹೊಡೀತಾರೆ. ಮಾಂಸ ಹಸಿದವರ ಪಾಲಿಗೆ ಹೋಗುತ್ತೆ. ಅದರಲ್ಲಿ ನನಗೆ ತಪ್ಪೇನೂ ಕಾಣಲ್ಲ. ಅದು ಆಗಲೇಬೇಕಾದ ಕೆಲಸ, ಬೇಗ ಆದಷ್ಟೂ, ಅಚ್ಚುಕಟ್ಟಾದಷ್ಟೂ ಒಳ್ಳೇದು. ಆದರೆ ಅವರಲ್ಲಿ ಯಾರೂ ಬೆಳಗ್ಗೆ ಕೊಂಬು ಹಿಡಿದು ಫೋಟೋ ತೆಗೆಸಿಕೊಳ್ಳಲ್ಲ. ನೀನು ತೆಗೆಸಿಕೊಂಡು ಗೋಡೆಗೆ ಹಾಕ್ತೀಯ, ಹಾಕಬೇಕು ಅಂತಲೇ ಹೋಗ್ತೀಯ. ನನ್ನ ತಕರಾರು ಅಲ್ಲಿದೆ.

1902ರ ನವೆಂಬರ್‌ನಲ್ಲಿ ಮಿಸಿಸಿಪ್ಪಿಯಲ್ಲಿ ಆಗಿನ ಅಮೆರಿಕ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಮುಂದೆ ಒಂದು ಕರಡಿಯನ್ನ ಮರಕ್ಕೆ ಕಟ್ಟಿ ನಿಲ್ಲಿಸಿದ ಕತೆ ಎಲ್ಲರಿಗೂ ಗೊತ್ತು. ಅವನು ಹೊಡೆಯಲ್ಲ ಅಂದ, ಅವನ ಅಡ್ಡಹೆಸರಲ್ಲಿ ಟೆಡ್ಡಿ ಬೇರ್ ಗೊಂಬೆ ಹುಟ್ಟಿತು. ಜನ ಅಷ್ಟಕ್ಕೇ ನಿಲ್ಲಿಸ್ತಾರೆ. ಆ ಕರಡಿ ಆಗಲೇ ಏಟು ತಿಂದು ಒದ್ದಾಡ್ತಿತ್ತು. ಅದನ್ನ ನರಳೋಕೆ ಬಿಡಬೇಡಿ, ಮುಗಿಸಿ ಅಂತ ಹೇಳಿದ್ದೂ ಅವನೇ, ಚಾಕುವಿನಲ್ಲಿ ಮುಗಿಸಿದರು. ಅಂದರೆ ಕರಡಿ ಸತ್ತೇ ಸತ್ತಿತು. ಅವನು ಬೇಡ ಅಂದಿದ್ದು, ಅದನ್ನ ತನ್ನ ಬೇಟೆ ಅಂತ ಲೆಕ್ಕಕ್ಕೆ ಹಿಡಿಯೋದನ್ನ. 1887ರಲ್ಲಿ ಅವನೇ ಮುಂದೆ ನಿಂತು ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಅನ್ನೋ ಬೇಟೆಗಾರರ ಕ್ಲಬ್ಬು ಇವತ್ತಿಗೂ ಫೇರ್ ಚೇಸ್, ಅಂದರೆ ನ್ಯಾಯದ ಬೇಟೆ, ಅಂತ ಹೇಳೋದು ಇದನ್ನೇ: ಪ್ರಾಣಿಗೆ ತಪ್ಪಿಸಿಕೊಳ್ಳೋ ದಾರಿ ನಿಜವಾಗಿ ಇರಬೇಕು. ಅದು ಹುಟ್ಟಿದ ಕಾಲ ಎಂಥದ್ದು ಅಂತಲೂ ನೆನಪಿಟ್ಟುಕೋ. ರಾತ್ರಿ ದೀಪ ಹಾಯಿಸಿ, ಜಿಂಕೆ ನೆಕ್ಕೋಕೆ ಉಪ್ಪು ಇಟ್ಟು ಕಾದು, ನಾಯಿ ಅಟ್ಟಿ ಕೆರೆಗಿಳಿಸಿ ಹೊಡೆದು, ಮಾಂಸ ಮಾರಿ, ಎಷ್ಟೋ ಕಡೆ ಈ ಬಿಳಿಬಾಲದ ಜಿಂಕೆ ಹೇಳಹೆಸರಿಲ್ಲದ ಹಾಗಾಗಿತ್ತು. ಕೈ ಬಿಗಿ ಹಿಡಿದಿದ್ದರಿಂದ ತಿರುಗಿ ಬಂದಿದೆ. ನಮ್ಮಿಬ್ಬರಿಗೆ ಸಿಕ್ಕಿರೋದು ಆ ಬಿಗಿ ಹಿಡಿದವರು ಉಳಿಸಿದ ಪಾಲು.

ನಿನ್ನ ಇನ್ನೊಂದು ಪ್ರಶ್ನೆ ಕಷ್ಟದ್ದು: "ನೀನು ಓಕ್ ಕಾಯಿ ಉದುರೋ ಮರದ ಹತ್ತಿರ ಕಾಯ್ತೀಯ, ನಾನು ಜೋಳದ ಹತ್ತಿರ ಕಾಯ್ತೀನಿ, ಏನು ವ್ಯತ್ಯಾಸ?" ಇದನ್ನ ನಾನು ಬಹಳ ದಿನ ಮೆಲುಕು ಹಾಕಿದೆ. ಜಿಂಕೆಗೇ ಅಂತ ಬಿತ್ತಿದ ಹೊಲದ ವಿಷಯಕ್ಕೆ ಬಂದರೆ ನನಗೂ ಗೆರೆ ಮಸುಕಾಗುತ್ತೆ. ಆದರೆ ಓಕ್ ಮರದ ಕೆಳಗೆ ಬರೋ ಜಿಂಕೆ ತನ್ನ ಭಯವನ್ನ ಜೊತೆಗೇ ತಂದಿರುತ್ತೆ. ಮೂಗು ಮೇಲೆತ್ತಿ, ಸುತ್ತು ಹಾಕಿ, ನಿಂತು, ಆಮೇಲೆ ಒಂದು ಹೆಜ್ಜೆ ಇಡುತ್ತೆ. ನಿನ್ನ ದಾರಿಗೆ ಬರೋ ಜಿಂಕೆಯ ಭಯವನ್ನ ನೀನು ತಿಂಗಳುಗಟ್ಟಲೆ ಕೂತು ಬಿಡಿಸಿದ್ದೀಯ. ಗಾಡಿ ಅಂದರೆ ಊಟ ಅಂತ ಕಲಿಸಿದ್ದೀಯ. ಆಮೇಲೆ ಒಂದು ಬೆಳಗ್ಗೆ ಅದೇ ಗಾಡಿಯಿಂದ ಗುಂಡು ಬರುತ್ತೆ. ನಂಬಿಸಿ ಕುತ್ತಿಗೆ ಕೊಯ್ಯೋದು ಅಂತೀವಲ್ಲ, ಅದನ್ನ ನಾವು ಮನುಷ್ಯರ ವಿಷಯಕ್ಕೆ ಮಾತ್ರ ಯಾಕೆ ಇಟ್ಟುಕೊಂಡಿದ್ದೀವಿ? ಆ ಪ್ರಾಣಿಯ ಹತ್ತಿರ ಇದ್ದ ಆಸ್ತಿ ಅಂದರೆ ಆ ಭಯ ಒಂದೇ ಕಣೋ. ಬಂದೂಕು ನಮ್ಮದು, ದುರ್ಬೀನು ನಮ್ಮದು, ಇಂಜಿನ್ ನಮ್ಮದು. ಅದನ್ನೂ ಕಿತ್ತುಕೊಂಡರೆ ಇನ್ನೇನು ಉಳಿಯಿತು ಅದಕ್ಕೆ?

ರೋಗದ ವಿಷಯ ನಿನಗೆ ಬೇಜಾರು ತರಿಸುತ್ತೆ, ಆದರೂ ಹೇಳ್ತೀನಿ. ಜಿಂಕೆಗಳನ್ನ ಸವೆಸಿ ಕೊಲ್ಲೋ ಆ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) 1967ರಲ್ಲಿ ಕೊಲರಾಡೋದಲ್ಲಿ ಕೂಡಿಟ್ಟಿದ್ದ ಜಿಂಕೆಗಳಲ್ಲಿ ಮೊದಲು ಕಂಡಿತು. ನಮ್ಮ ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಪತ್ತೆಯಾಯಿತು, ನಿಮ್ಮ ಟೆಕ್ಸಾಸಿನಲ್ಲಿ 2012ರಲ್ಲಿ. ಔಷಧಿ ಇಲ್ಲ, ಬಂದ ಮೇಲೆ ಬದುಕೋದಿಲ್ಲ. ಜೊಲ್ಲಿನಲ್ಲಿ, ಮೂತ್ರದಲ್ಲಿ, ಹಿಕ್ಕೆಯಲ್ಲಿ ಹರಡುತ್ತೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಜೋಳದ ಗುಡ್ಡೆ ಅಂದರೆ ಇಪ್ಪತ್ತು ಮೂತಿ ಒಂದೇ ಮಣ್ಣಿಗೆ ಉಜ್ಜೋ ಜಾಗ. ಮಿಷಿಗನ್‌ನಲ್ಲಿ ಮೊದಲು ಕ್ಷಯಕ್ಕೆ ಹೆದರಿದರು, ಆಮೇಲೆ ಇದಕ್ಕೆ, 2019ರಿಂದ ರಾಜ್ಯದ ದಕ್ಷಿಣ ಭಾಗವಾದ ಕೆಳ ಪರ್ಯಾಯದ್ವೀಪದಲ್ಲಿ ಮೇವಿಡೋದನ್ನೇ ನಿಲ್ಲಿಸಿದರು. ನಮ್ಮಲ್ಲೂ ಬಹಳ ಕೌಂಟಿಗಳಲ್ಲಿ ನಿಷೇಧ ಇದೆ. ಈ ಒಂದು ಕಾರಣಕ್ಕೇ ಮೇವು ಬಿಡೋರು ಬಿಡಲಿ, ನನಗೆ ಸಂತೋಷ. ಆದರೆ ನಾಳೆ ಔಷಧಿ ಬಂತು ಅಂದುಕೋ, ನನ್ನ ಸಂಕಟ ಹಾಗೇ ಇರುತ್ತೆ.

ಇಷ್ಟು ಹೇಳಿ ನಿಲ್ಲಿಸೋಣ ಅಂತಿದ್ದೆ. ಆದರೆ ಒಂದು ಮಾತು ಬಾಕಿ ಇದೆ, ಬರೆಯದೆ ಬಿಟ್ಟರೆ ಮೇಲಿನದೆಲ್ಲ ಅರ್ಧ ಸತ್ಯ ಆಗುತ್ತೆ.

ಜಿಂಕೆ ಬಿದ್ದಾಗ ನನಗೆ ಮೊದಲು ಆಗೋದು ಸಂತೋಷ. ದುಃಖ ಆಮೇಲೆ ಬರುತ್ತೆ, ಬರುತ್ತೆ ನಿಜ, ಹತ್ತಿರ ಹೋಗಿ ಇನ್ನೂ ಬೆಚ್ಚಗಿರೋ ಕತ್ತಿನ ಮೇಲೆ ಕೈಯಿಟ್ಟಾಗ. ಆದರೆ ಮೊದಲು ಬರೋದು ಸಂತೋಷವೇ, ಮೈಯೆಲ್ಲ ತುಂಬೋ ಸಂತೋಷ. ಮನೆಯಲ್ಲೂ ಇದನ್ನ ಹೇಳಿಲ್ಲ. ಮಾಂಸಕ್ಕೆ ಅಂತ ಹೇಳ್ತೀನಿ, ಕಾಡಿನ ಆರೋಗ್ಯಕ್ಕೆ ಅಂತ ಹೇಳ್ತೀನಿ. ಮಾಂಸ ಇಲ್ಲದೆ ನಮ್ಮ ಮನೆ ಉಪವಾಸ ಬೀಳಲ್ಲ. ನಾನು ಕೊಲ್ಲೋದು, ಕೊಂದಾಗ ನನ್ನೊಳಗೆ ಏನೋ ಜೀವ ತಳೆಯುತ್ತೆ ಅಂತ. ನಿನ್ನ ವಿಡಿಯೋ ನೋಡುವಾಗಲೂ ಆ ಗಂಡಿನ ಕೊಂಬಿನ ಕವಲು ಎಣಿಸ್ತಿದ್ದೆ ಕಣೋ. ಬಲಗೈ ತೋರುಬೆರಳು ತಾನಾಗೇ ಮಡಚಿಕೊಂಡಿತು. ಅಲ್ಲಿದ್ದಿದ್ದರೆ ಅಂತ ಅನ್ನಿಸಿತು.

ಅಷ್ಟು ಸಂತೋಷ ಒಂದು ಜೀವದಿಂದ ತಗೊಳ್ಳುವಾಗ ನಾನು ತಿರುಗಿ ಕೊಡಬಹುದಾದ್ದು ಏನಿದೆ ಅಂತ ಹುಡುಕಿದರೆ ಒಂದೇ ಕಾಣುತ್ತೆ. ಅದು ನನ್ನನ್ನ ಸೋಲಿಸಬಹುದು ಅನ್ನೋದು. ಬರಿಗೈಲಿ ಬಂದ ಆ ಎಲ್ಲ ದಿನಗಳು ನನ್ನ ಪಾಲಿಗೆ ಬಾಡಿಗೆ ಕಟ್ಟಿದ ಹಾಗೆ. ಜೋಳ ಹಾಕಿ, ಗಾಡಿಯಲ್ಲಿ ಕೂತು ತಗೊಂಡರೆ ಆ ಸಂತೋಷ ನನಗೆ ಸಿಗೋದೇ ಇಲ್ಲ ಅಂತ ಹೇಳೋಕೆ ಬಾಯಿ ಬರಲ್ಲ. ಸಿಕ್ಕೇ ಸಿಗುತ್ತೆ ಅಂತ ನನ್ನ ಹೆದರಿಕೆ. ಅಷ್ಟೇ ಚೆನ್ನಾಗಿ ಸಿಕ್ಕಿಬಿಟ್ಟರೆ ನಾನು ಮತ್ತೆ ನಡೆಯೋದಿಲ್ಲ.

ಅದಕ್ಕೇ ಈ ಸಲ ಟೆಕ್ಸಾಸಿಗೆ, ನಿನ್ನ ಬೇಟೆಯ ರ‍್ಯಾಂಚ್‌ಗೆ ಬರಲ್ಲ. ಕರೆದಿದ್ದೀಯ, ಬ್ಲೈಂಡಿನಲ್ಲಿ, ಅಂದರೆ ಬೇಟೆಗೆ ಅಡಗಿ ಕೂರೋ ಗೂಡಿನಲ್ಲಿ, ನನಗೆ ಅಂತ ಕುರ್ಚಿ ಕೂಡ ತಂದಿಟ್ಟಿದ್ದೀಯ, ಗೊತ್ತು. ಹೇಗೆ ಹೇಳೋದು ಅಂತ ತಿಳಿಯದೆ ಇಷ್ಟುದ್ದ ಬರೆದೆ. ಬೇಜಾರು ಮಾಡಿಕೋಬೇಡ. ಮಾಡಿಕೊಂಡರೆ ಬೈಯಿ, ಮಾತು ಮಾತ್ರ ಬಿಡಬೇಡ. ಬೇಟೆಯಲ್ಲಿ ನನಗೆ ಜೊತೆ ಅಂತ ಬೇರೆ ಯಾರೂ ಇಲ್ಲ.

ಸರಿ, ಭಾರ ಜಾಸ್ತಿ ಆಯಿತು. ಓದೋರು ಯಾರೂ ಈ ಪುಟ ತೋರಿಸಿ ನನ್ನ ಹೆಂಡತಿ ಹತ್ತಿರ ಪಂಚಾಯಿತಿ ಮಾಡಬೇಡಿ, ಸಂಜೆ ನಾನೇ ಓದಿ ಹೇಳ್ತೀನಿ.

ದೊರೆ, ಥ್ಯಾಂಕ್ಸ್‌ಗಿವಿಂಗ್ ಹಿಂದಿನ ಶನಿವಾರ ಇಲ್ಲಿ ಬಂದೂಕಿನ ಬೇಟೆ ಶುರು, ಒಂಬತ್ತು ದಿನ. ರಜೆ ಹಾಕಿ ನೀನೇ ಬಾ. ಹೊರರಾಜ್ಯದವರ ಲೈಸೆನ್ಸು ಮುಂಚೇನೇ ತಗೋ. ಕಿತ್ತಳೆ ಅಂಗಿ ಕಡ್ಡಾಯ, 2016ರಿಂದ ಗುಲಾಬಿಯೂ ನಡೆಯುತ್ತೆ, ನಿನ್ನ ಆಯ್ಕೆ ಯಾವುದು ಅಂತ ನನಗೆ ಗೊತ್ತು. ಕಾಲುಚೀಲ ಮೂರು ಜೊತೆ ತಾ. ಎರಡು ಸಾಲಲ್ಲ, ಯಾಕೆ ಅಂತ ಇಲ್ಲಿ ಬರೆಯಲ್ಲ. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸೋ ಜವಾಬ್ದಾರಿ ನನ್ನದು, ಗಾಳಿ ಯಾವ ಕಡೆ ಬೀಸ್ತಿದೆ ಅಂತ ನೋಡೋದು ನಿನ್ನದು, ನಿನ್ನ ಲೆಕ್ಕ ಯಾವತ್ತೂ ನನಗಿಂತ ಸರಿ ಇರುತ್ತೆ. ಬರೋ ದಿನ ಬೇಗ ತಿಳಿಸು, ಹೊರಗಿನ ಕೋಣೆಗೆ ಹೀಟರ್ ಹಾಕಿಸಬೇಕು.

ನಿನ್ನ,
ಗುಮಾಸ್ತ